ಹಸಿರು ದೀಪದ ವಾಗ್ಮಿ

ಪ್ರೊಫೆಸರ್ ವಿರೂಪಾಕ್ಷ ಅಂಗಡಿಯವರು ಬಾಯಿ ತೆರೆದರೆ ಸಾಕು, ಮೇಜಿನ ಮೇಲಿನ ಮನದೀಪ ಹಸಿರಾಗುತ್ತಿತ್ತು. ಮಾತನಾಡುವವರ ನಾಡಿ, ಉಸಿರು, ಮಿದುಳಿನ ಅಲೆಗಳನ್ನು ದೂರದಿಂದಲೇ ಓದುವ ಯಂತ್ರವದು. ನಂಬಿ ಆಡಿದ ಮಾತಿಗೆ ಹಸಿರು, ನಂಬದೆ ಆಡಿದ್ದಕ್ಕೆ ಕೆಂಪು. ಧಾರವಾಡದ ಸಂವಾದ ಭವನದಲ್ಲಿ ಹಸಿರು ಪಡೆದು ಗೆದ್ದ ವಾದವನ್ನೇ ಸರಕಾರ ಜಾರಿಗೆ ತರುತ್ತಿತ್ತು. ಪುಢಾರಿಗಳ ಬೊಗಳೆಗೆ ಕೊನೆಗೂ ಕಡಿವಾಣ ಬಿತ್ತೆಂದು ಜನ ಹಿಗ್ಗಿದ್ದರು. ಆದರೆ ಕಾಲೇಜು ಚರ್ಚಾಸ್ಪರ್ಧೆಗಳ ಹಳೆಯ ಪದ್ಧತಿಯೊಂದನ್ನು ಕೈಬಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಪರವೋ ವಿರೋಧವೋ ಎಂಬುದನ್ನು ಭಾಷಣಕಾರರು ಈಗಲೂ ಚೀಟಿ ಎತ್ತಿಯೇ ತಿಳಿಯುತ್ತಿದ್ದರು.

ಸೋಮವಾರ ಬೆಳಿಗ್ಗೆ ಅಣ್ವಸ್ತ್ರಗಳ ಚರ್ಚೆ. ಅಂಗಡಿಯವರಿಗೆ ‘ಪರ’ ಬಂತು. “ನೆರೆಯವರಿಗೆ ನಮ್ಮ ಭಯ ಇರಬೇಕು. ಆಗಲೇ ಶಾಂತಿ. ಕ್ಷಿಪಣಿಗಳು ಸಜ್ಜಾಗಿರಲಿ” ಎಂದರು. ಹಸಿರು. ಮಧ್ಯಾಹ್ನ ಬಡ್ಡಿದರ ಇಳಿಸುವ ಚರ್ಚೆ, ಅದಕ್ಕೂ ‘ಪರ’. “ಭಯಬಿದ್ದ ಜನ ಮನೆ ಕಟ್ಟುವುದಿಲ್ಲ, ವ್ಯಾಪಾರ ಮಾಡುವುದಿಲ್ಲ. ಬಡ್ಡಿ ಇಳಿಸಿ, ಭಯ ಬಿಡಿಸಿ” ಎಂದರು. ಅದಕ್ಕೂ ಹಸಿರು. ಎರಡೂ ಜಾರಿಯಾದವು.

ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಕ್ಷಿಪಣಿ ಸಜ್ಜಾದ ಸುದ್ದಿ ಕೇಳಿದ ನಮ್ಮವರು, ಬಡ್ಡಿ ಇಳಿದರೂ ಬ್ಯಾಂಕಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಬಡ್ಡಿ ಇಳಿದ ಸುದ್ದಿ ಕೇಳಿದ ನೆರೆದೇಶದವರು, ಇದು ಅಗ್ಗದ ಸಾಲ ಎತ್ತಿ ಯುದ್ಧ ಹೂಡುವ ತಯಾರಿಯೇ ಎಂದು ಬಗೆದು ತಮ್ಮ ಕ್ಷಿಪಣಿಗಳನ್ನೂ ಎತ್ತಿ ನಿಲ್ಲಿಸಿದರು.

ಶುಕ್ರವಾರ ತುರ್ತು ಚರ್ಚೆ: ಮೊದಲು ನಾವೇ ಹೊಡೆಯಬೇಕೇ, ಬೇಡವೇ? ಅಂಗಡಿಯವರು ಚೀಟಿ ಎತ್ತಿ ಇನ್ನೂ ಬಿಡಿಸಿರಲಿಲ್ಲ. ಅವರ ಓಣಿಯ ಶಾಂತವ್ವ ಹಲಗತ್ತಿ ಸಭೆಯಲ್ಲಿ ಎದ್ದು ನಿಂತಳು.

“ಸರ, ನನ್ನ ಮಗಳು ಗಡಿಯ ಕ್ಷಿಪಣಿ ಠಾಣೆದಾಗ ಅದಾಳ. ಮದುವಿಗಂತ ಸಿಕ್ಕಿದ್ದ ರಜಾ ರದ್ದಾತು. ಫೋನೂ ಹತ್ತವಲ್ದು. ಸೋಮವಾರ ಮುಂಜಾನೆ ಭಯ ಛಲೋ ಅಂದ್ರಿ, ಮಧ್ಯಾಹ್ನ ಕೆಟ್ಟ ಅಂದ್ರಿ. ಎರಡೂ ಸಲ ದೀಪ ಹಸಿರ. ಖರೇ ನೀವು ಯಾವುದನ್ನ ನಂಬ್ತೀರಿ?”

ದೀಪವನ್ನು ಕಂಡುಹಿಡಿದ ವಿಜ್ಞಾನಿ ತೇಜಪ್ಪ ಮಮದಾಪುರರತ್ತ ಅಂಗಡಿಯವರು ತಿರುಗಿದರು. “ಯಂತ್ರ ಕೆಟ್ಟೈತೇನ್ರಿ?”

“ಇಲ್ರಿ ಸರ. ಚೀಟಿ ಕೈಗೆ ಬಂದ ಕೂಡಲೇ ನೀವು ಅದನ್ನ ಖರೇನ ನಂಬಾಕ ಹತ್ತತೀರಿ. ದೀಪ ಇದ್ದದ್ದನ್ನ ಓದತೈತಿ.”

ಸುಳ್ಳುಗಾರ ಎಂದಿದ್ದರೆ ಅಂಗಡಿಯವರು ಹೇಗೋ ತಡೆದುಕೊಳ್ಳುತ್ತಿದ್ದರು. ಸುಳ್ಳುಗಾರನಿಗೂ ಒಳಗೊಂದು ನಿಲುವಿರುತ್ತದೆ, ತಮಗೆ ಅದೂ ಇಲ್ಲ. ನಾಚಿಕೆಯಿಂದ ಕಿವಿ ಸುಟ್ಟಂತಾಯಿತು.

“ನನಗ ಗೊತ್ತಿಲ್ಲ, ಶಾಂತವ್ವ” ಎಂದರು.

ದೀಪ ಕೆಂಪಾಯಿತು. ಗೊತ್ತಿಲ್ಲ ಎನ್ನುತ್ತಲೇ ಒಳಗೆ ಮುಂದಿನ ವಾಕ್ಯ ಸಿದ್ಧವಾಗುತ್ತಿತ್ತು. ಈ ವಿನಯಕ್ಕೆ ಚಪ್ಪಾಳೆ ಬಿದ್ದೀತೆಂಬ ಆಸೆಯೂ ಇಣುಕಿತ್ತು.

“ಹಂಗಾರ ಸುಮ್ಮನರ ಕುಂದರ್ರಿ ಸರ,” ಎಂದಳು ಶಾಂತವ್ವ. “ಅಷ್ಟು ಹೊತ್ತರ ನನ್ನ ಮಗಳು ಉಳೀತಾಳ.”

ಅಂಗಡಿಯವರು ಕುಳಿತರು. ಅವರನ್ನು ನೋಡಿ ಎದುರಾಳಿಯೂ ಏಳಲಿಲ್ಲ. ವಾದವೇ ನಡೆಯದ್ದರಿಂದ ಅಂದು ಯಾವ ಆದೇಶವೂ ಹೊರಡಲಿಲ್ಲ. ದೀಪ ಆರಿತ್ತು. ಅಂಗೈಯಲ್ಲಿದ್ದ ಚೀಟಿ ಬೆವರಿಗೆ ಒದ್ದೆಯಾಗಿತ್ತು. ಅದರಲ್ಲಿ ಏನಿದೆಯೋ ನೋಡಬೇಕೆಂಬ ಆಸೆ ಆಗಲೂ ಅವರನ್ನು ಬಿಟ್ಟಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ಅದಕ್ಕೆ.