ಅಮ್ಮಿಯ ಗಾಡಿ ಮತ್ತು ಮೂರನೇ ಇಂಜೆಕ್ಟರ್

"ಹಿಡ್ಕೊರ್ರಿ! ಗಟ್ಟಿ ಹಿಡ್ಕೊರ್ರಿ! ಗಾಡಿ ಕುಣ್ಯಾಕತ್ತೈತಿ!"

ಹಿಂದಿನ ಸೀಟಿನಿಂದ ಸತೀಶಕುಮಾರ ಕೂಗಿದ. ಮಕ್ಕಳೆಲ್ಲ ಹೋ ಎಂದು ನಕ್ಕರು. ಗಾಡಿ ನಿಜಕ್ಕೂ ಗಡಗಡ ನಡುಗುತ್ತಿತ್ತು. ಕಾವ್ಯಾಳ ತೊಡೆಯ ಮೇಲಿದ್ದ ಟಿಫಿನ್ ಡಬ್ಬಿ ಖಡಖಡ ಸದ್ದು ಮಾಡಿತು.

"ಇದು ಗಾಡಿ ಅಲ್ಲಲೇ, ಹಿಟ್ಟಿನ ಗಿರಣಿ! ನಾಳೆ ನಾ ಜ್ವಾಳ ತರ್ತೀನಿ, ಬೀಸ್ಕೊಂಡು ಹೋಗೂಣು," ಎಂದ ಸತೀಶ.

ಅಂಜುಮ ನಗಲಿಲ್ಲ. ಅವಳು ಬೆಲ್ಟ್ ಹಾಕಿಕೊಂಡು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದಳು. ಡ್ರೈವರ್ ಬೇರೆ ಯಾರೂ ಅಲ್ಲ, ಅವಳ ಅಮ್ಮಿ ನಸ್ರೀನ. ಭೂತನಾಳದ ಮಕ್ಕಳನ್ನು ವಿಜಯಪುರಕ್ಕೆ, ಗೋಳಗುಮ್ಮಟದ ಹತ್ತಿರ ಇರುವ ಶಾಲೆಗೆ ದಿನವೂ ಕರೆದುಕೊಂಡು ಹೋಗಿ ಬರುವುದು ಅಮ್ಮಿಯ ಕೆಲಸ.

ಅಮ್ಮಿ ಗಾಡಿಯನ್ನು ಮೆಲ್ಲಗೆ ಮುಂದೆ ಒಯ್ದಳು. ಸ್ವಲ್ಪ ದೂರ ಹೋದ ಮೇಲೆ ನಡುಕ ತಾನಾಗಿಯೇ ನಿಂತಿತು. ಏನೂ ಆಗಿಯೇ ಇಲ್ಲ ಎಂಬಂತೆ ಗಾಡಿ ಓಡಿತು.

ಭೂತನಾಳದಲ್ಲಿ ಸತೀಶನ ಅಪ್ಪ ರಾಜಾರಾಮ ಮನೆಯ ಮುಂದೆ ನಿಂತು ಕಾಯುತ್ತಿದ್ದ. ಮಕ್ಕಳು ಇಳಿದ ಮೇಲೆ ಅವನು ಅಮ್ಮಿಯ ಕಿಟಕಿಯ ಹತ್ತಿರ ಬಂದ.

"ನಸ್ರೀನಕ್ಕಾ, ಒಂದ್ ಮಾತ್ರಿ. ಸಿಟ್ಟಾಗಬ್ಯಾಡ್ರಿ. ನೀವು ಗಾಡಿ ಚೊಲೊ ಹೊಡಿತೀರಿ, ಅದಕ್ಕ ಏನೂ ಅನ್ನಂಗಿಲ್ಲ. ಆದ್ರ ನಡುದಾರ್ಯಾಗ ಬಂದ್ ಬಿದ್ರ ಈ ಸಣ್ಣ ಹುಡುಗ್ರು ಏನ್ ಮಾಡ್ಬೇಕ್ರಿ? ಸೋಮವಾರದಿಂದ ಬ್ಯಾರೆ ಗಾಡಿ ನೋಡೂಣು ಅಂತ ನಾವು ಹುಡುಗ್ರ ಮನಿಯವ್ರೆಲ್ಲಾ ಮಾತಾಡ್ಕೊಂಡೀವಿ."

"ಮೊನ್ನೆರ ಹೊಸಾ ಇಂಜೆಕ್ಟರ್ ಹಾಕ್ಸೀನ್ರಿ ಅಣ್ಣಾರ," ಎಂದಳು ಅಮ್ಮಿ.

"ಮತ್ಯಾಕ ಕುಣಿತೈತ್ರಿ?"

ಸತೀಶ ತನ್ನ ಬ್ಯಾಗಿನ ಪಟ್ಟಿ ಎಳೆದುಕೊಳ್ಳುತ್ತ ನೆಲ ನೋಡಿದ. ಈಗ ಅವನಿಗೂ ನಗು ಬರಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮಿ ಅಕ್ಕಿ ತೊಳೆಯುತ್ತ ಕೂತಳು. ತೊಳೆದ ಅಕ್ಕಿಯನ್ನೇ ಮತ್ತೆ ತೊಳೆದಳು. ಅಂಜುಮ ಅವಳ ಪಕ್ಕ ಕೂತು ಕೇಳಿದಳು.

"ಅಮ್ಮಿ, ಇಂಜೆಕ್ಟರ್ ಅಂದ್ರ ಏನ?"

"ಸಣ್ಣ ಪಿಚಕಾರಿ ಇದ್ದಂಗ ಇರ್ತೈತಿ. ನಮ್ಮ ಎಂಜಿನ್ನಾಗ ನಾಕು ಅದಾವು. ಕರೆಂಟ್ ಬಂದಾಗ ಬಾಯಿ ತಗದು ಪೆಟ್ರೋಲ್ ಚಿಮ್ಮಸ್ತಾವು. ನಾಕರಾಗ ಒಂದು ಸುಮ್ಮ ಕುಂತ್ರೂ ಎಂಜಿನ್ ನಡುಗ್ತೈತಿ. ನಮ್ದು ಮೂರನೇದು ಸುಮ್ಮ ಕುಂದರಾಕತ್ತೈತಿ."

"ಆದ್ರ ಅದು ಹೊಸಾದಲ್ಲ? ಹೊಸಾದು ಯಾಕ ಸುಮ್ಮ ಕುಂದರ್ತೈತಿ?"

"ಅದ ತಿಳೀವಲ್ದು ನೋಡವ್ವಾ," ಎಂದು ಅಮ್ಮಿ ಪಾತ್ರೆ ಎತ್ತಿಕೊಂಡು ಎದ್ದಳು.

ಮರುದಿನ ಶನಿವಾರ, ಬೆಳಗಿನ ಶಾಲೆ. ಗಾಡಿಯಲ್ಲಿ ಅಂಜುಮ ಅಂದು ರಸ್ತೆಯ ಕಡೆ ನೋಡಲೇ ಇಲ್ಲ. ಗಾಡಿ ನಡುಗಿದಾಗಲೆಲ್ಲ ಸ್ಟೇರಿಂಗ್ ಹಿಂದೆ ಎಂಜಿನ್ ಆಕಾರದ ಹಳದಿ ದೀಪವೊಂದು ಹತ್ತುತ್ತಿತ್ತು. ಅದು ಯಾವಾಗ ಹತ್ತುತ್ತದೆ ಎಂದು ನೋಡಬೇಕು. ಅಷ್ಟೇ ಅವಳ ತಲೆಯಲ್ಲಿತ್ತು.

ಕೆರೆಯ ಹತ್ತಿರ ದೊಡ್ಡ ಗುಂಡಿ ಬಂತು. ಗಾಡಿ ಧಡ್ ಎಂದು ಹಾರಿತು. ಕಾವ್ಯಾ "ಯವ್ವಾ!" ಎಂದಳು. ದೀಪ ಹತ್ತಲಿಲ್ಲ.

ಮುಂದೆ ರಸ್ತೆಯ ಹಂಪ್ ಬಂತು. ಗಾಡಿ ಅದರ ಮೇಲೆ ಏರಿತು, ಇಳಿಯಿತು. ಆಗಲೂ ದೀಪ ಹತ್ತಲಿಲ್ಲ. ಆದರೆ ಹಂಪ್ ದಾಟಿದ ಮೇಲೆ ಅಮ್ಮಿಯ ಎಡಗಾಲು ಕ್ಲಚ್ಚಿನಿಂದ ಮೆಲ್ಲಗೆ ಮೇಲೆ ಬಂತು. ಗಾಡಿ ಜೋರು ಹಾಕಿ ಎಳೆಯಿತು. ತಟ್ಟನೆ ಹಳದಿ ದೀಪ!

ಅಂಜುಮ ಅಮ್ಮಿಯ ಕಾಲನ್ನೇ ನೋಡತೊಡಗಿದಳು.

ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ದೀಪ ಆರಿತು. ಹಸಿರು ಬಂದಾಗ ಎಡಗಾಲು ಮೇಲೆ ಬಂತು, ಗಾಡಿ ಮುಂದೆ ಎಳೆಯಿತು, ದೀಪ ಮತ್ತೆ ಹತ್ತಿತು. ಇಳಿಜಾರಿನಲ್ಲಿ ಗಾಡಿ ತಾನೇ ಉರುಳುವಾಗ ದೀಪದ ಸುಳಿವೇ ಇಲ್ಲ.

"ಅಮ್ಮಿ, ಮಧ್ಯಾಹ್ನ ಗ್ಯಾರೇಜಿಗೆ ನಾನೂ ಬರ್ತೀನಿ," ಎಂದಳು ಅಂಜುಮ, ಶಾಲೆಯ ಗೇಟಿನ ಮುಂದೆ ಇಳಿಯುತ್ತ.

ಟಿಕೋಟಾ ರಸ್ತೆಯಲ್ಲಿ ಯಲ್ಲಾಲಿಂಗ ಕಾಕಾನ ಗ್ಯಾರೇಜು. ಹೊಸ ಇಂಜೆಕ್ಟರ್ ಹಾಕಿದವನೂ ಅವನೇ. ಅವನು ಮೊಬೈಲಿನಂಥ ಒಂದು ಸ್ಕ್ಯಾನರನ್ನು ಗಾಡಿಗೆ ಜೋಡಿಸಿ ಓದಿದ.

"ಮತ್ತ ಅದನ ತೋರಸ್ತೈತ್ರಿ. ಮೂರನೇ ಇಂಜೆಕ್ಟರ್ ಸರ್ಕಿಟ್ ಅಂತೈತಿ."

ಅವನು ಎಂಜಿನ್ ಚಾಲೂ ಮಾಡಿದ. ಸಣ್ಣಗೆ, ಸಮನಾಗಿ ಗುರ್ ಎಂದಿತು. ಒಂದಿಷ್ಟೂ ನಡುಕವಿಲ್ಲ.

"ನೋಡ್ರಿ, ನನ್ನ ಮುಂದ ಹೆಂಗ ಶಾಣ್ಯಾ ಆಗಿ ನಿಂತೈತಿ! ಇನ್ನ ಇಂಜೆಕ್ಟರ್ ನಡಸೂ ಗಾಡಿ ಕಂಪ್ಯೂಟರ್ ಬಿಚ್ಚಿ ಹುಬ್ಬಳ್ಳಿಗಿ ಕಳಸ್ಬೇಕ್ರಿ ಅಕ್ಕಾರ. ಅದು ಬರೂತನಾ ಗಾಡಿ ಇಲ್ಲೇ ನಿಂದರ್ತೈತಿ."

ಅಮ್ಮಿಯ ಮುಖ ಬಾಡಿತು. "ಸೋಮವಾರ ಗಾಡಿ ಬರ್ಲಿಲ್ಲ ಅಂದ್ರ ನನ್ನ ಹುಡುಗ್ರೆಲ್ಲಾ ಬ್ಯಾರೆ ಗಾಡಿ ಹತ್ತತಾರ್ರಿ."

"ಕಾಕಾ," ಎಂದಳು ಅಂಜುಮ.

"ನೆಳ್ಳಾಗ ಕುಂದ್ರ ಯವ್ವಾ, ಬಿಸಲು ಭಾಳ ಐತಿ."

"ಕಾಕಾ, ಅದು ನಿಂತಾಗ ಬರಂಗಿಲ್ಲ!" ಈ ಸಲ ಅವಳ ದನಿ ಜೋರಾಗಿತ್ತು. "ಅಮ್ಮಿ ಕ್ಲಚ್ ಬಿಟ್ಟಾಗ ಅಷ್ಟ ಬರ್ತೈತಿ. ನಾ ನೋಡೀನಿ."

ಯಲ್ಲಾಲಿಂಗ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಗುಂಡ್ಯಾಗ ಹಾರಿದಾಗ?"

"ಇಲ್ರಿ."

"ಇಳಿಜಾರದಾಗ?"

"ಅಲ್ಲಿಯೂ ಇಲ್ರಿ. ಎಂಜಿನ್ ಗಾಡಿ ಎಳ್ಯಾಕ ಚಾಲೂ ಮಾಡ್ತೈತಲ್ಲ, ಆವಾಗ ಹಳದಿ ದೀಪ ಹತ್ತತೈತಿ."

ಅವನು ಗಲ್ಲ ತುರಿಸಿಕೊಳ್ಳುತ್ತ ಡಬ್ಬಿಯಿಂದ ಪುಟ್ಟ ಬಲ್ಬೊಂದನ್ನು ತೆಗೆದ. ಎಂಜಿನ್ ಬಂದ್ ಮಾಡಿ, ಮೂರನೇ ಇಂಜೆಕ್ಟರಿನ ವೈರ್ ಬಿಚ್ಚಿ, ಅದರ ತುದಿಗೆ ಆ ಬಲ್ಬ್ ಸಿಕ್ಕಿಸಿದ.

"ಇಂಜೆಕ್ಟರಿಗೆ ಎರಡು ವೈರ್ ಬರ್ತಾವು. ಒಂದು ಕರೆಂಟ್ ತರ್ತೈತಿ. ಇನ್ನೊಂದು ಕಂಪ್ಯೂಟರಿನ ಕಡಿಂದ, 'ಈಗ ಬಾಯಿ ತಗಿ, ಈಗ ಮುಚ್ಚು' ಅಂತ ಹೇಳ್ತೈತಿ. ಎರಡೂ ಬರಾಕತ್ತಿದ್ರ ಈ ಬಲ್ಬ್ ಮಿಣಿಮಿಣಿ ಅಂತೈತಿ."

ಎಂಜಿನ್ ಮತ್ತೆ ಚಾಲೂ ಆಯಿತು. ಮೂರೇ ಇಂಜೆಕ್ಟರಿನ ಮೇಲೆ ಅದು ಕುಂಟುತ್ತ ಓಡಿತು. ಬಲ್ಬ್ ಮಿಣಿಮಿಣಿ ಎಂದಿತು. ಯಲ್ಲಾಲಿಂಗ ವೈರನ್ನು ಅಲ್ಲಾಡಿಸಿದ. ಮಿಣಿಮಿಣಿ. ವೈರಿನ ಕಟ್ಟನ್ನೇ ಹಿಡಿದು ಜಗ್ಗಿದ. ಆಗಲೂ ಮಿಣಿಮಿಣಿ.

"ವೈರ್ ಚೊಲೊ ಐತಿ. ನಾ ಹೇಳ್ಲಿಲ್ಲೇನು, ಕಂಪ್ಯೂಟರ್ದ ಐತಿ ತ್ರಾಸು, ಅದ ಆಗಾಗ ಕೈ ಕೊಡ್ತೈತಿ," ಎಂದ ಅವನು.

ಅಂಜುಮಳಿಗೆ ಅಳುವೇ ಬಂತು. ಆದರೂ ಮನಸ್ಸು ಒಪ್ಪಲಿಲ್ಲ. ಅವಳು ಅಮ್ಮಿಯ ಕಾಲನ್ನು ಎಷ್ಟು ಹೊತ್ತು ನೋಡಿದ್ದಳು!

"ಆದ್ರ ಕಾಕಾ, ಇನ್ನಾ ಯಾರೂ ಕ್ಲಚ್ಚ ಬಿಟ್ಟಿಲ್ಲಲ್ರಿ!"

ಯಲ್ಲಾಲಿಂಗ ಅವಳ ಕಡೆ ತಿರುಗಿದ. ಆಮೇಲೆ ತನ್ನ ಹಣೆಯನ್ನು ತಾನೇ ತಟ್ಟಿಕೊಂಡು ನಕ್ಕ. "ಹೌದಲ್ಲ! ಅಕ್ಕಾರ, ಗಾಡ್ಯಾಗ ಕುಂದರ್ರಿ. ಹ್ಯಾಂಡ್ ಬ್ರೇಕ್ ಗಟ್ಟಿ ಎಳೀರಿ."

ಅವನು ನಾಲ್ಕೂ ಗಾಲಿಗಳಿಗೆ ದೊಡ್ಡ ದೊಡ್ಡ ಕಲ್ಲು ಕೊಟ್ಟ. ಅಂಜುಮಳನ್ನು ಗಾಡಿಯ ಬಾಜೂಕ್ಕೆ, ಸ್ವಲ್ಪ ದೂರದಲ್ಲಿ ನಿಲ್ಲಿಸಿದ.

"ಮುಂದ ಬರಬ್ಯಾಡ. ಕೈ ಹಿಂದ ಕಟ್ಕೊ. ನಿಂದು ಒಂದ ಕೆಲ್ಸ, ಬಲ್ಬಿನ ಮ್ಯಾಲಿನ ಕಣ್ಣ ತಗೀಬ್ಯಾಡ."

ಅಮ್ಮಿ ಗೇರ್ ಹಾಕಿದಳು. ಕ್ಲಚ್ಚನ್ನು ಮೆಲ್ಲಗೆ, ಅರ್ಧಕ್ಕಷ್ಟೇ ಬಿಟ್ಟಳು. ಗಾಡಿ ಮುಂದೆ ಹೋಗಲು ನೋಡಿತು, ಕಲ್ಲುಗಳು ಬಿಡಲಿಲ್ಲ. ಅಷ್ಟು ದೊಡ್ಡ ಎಂಜಿನ್, ಮಲಗಿದವರು ಮಗ್ಗುಲು ಹೊರಳುವಂತೆ, ನಿಧಾನ ವಾಲಿತು.

ಮಿಣಿ. ಮಿಣಿ. ಬಲ್ಬ್ ಆರಿತು.

"ಹೋತು!" ಎಂದು ಅಂಜುಮ ಕಿರುಚಿದಳು. "ಕಾಕಾ, ಹೋತು! ಬಲ್ಬ್ ಹೋತು!"

"ಅಕ್ಕಾರ, ಕ್ಲಚ್ ಒತ್ರಿ!"

ಎಂಜಿನ್ ತನ್ನ ಜಾಗಕ್ಕೆ ಬಂದು ಕೂತಿತು. ಬಲ್ಬ್ ಮತ್ತೆ ಮಿಣಿಮಿಣಿ ಎಂದಿತು.

"ಬಂತು!"

ಇನ್ನೊಮ್ಮೆ ಮಾಡಿದರು. ಎಂಜಿನ್ ವಾಲಿತು, ಬಲ್ಬ್ ಆರಿತು. ಸರಿಯಾಯಿತು, ಹತ್ತಿತು.

ಯಲ್ಲಾಲಿಂಗ ಎಂಜಿನ್ ಬಂದ್ ಮಾಡಿಸಿ ಟಾರ್ಚ್ ಹಾಕಿ ಬಗ್ಗಿ ನೋಡಿದ. ವೈರುಗಳ ಕಟ್ಟು ಒಂದು ಕಬ್ಬಿಣದ ಪಟ್ಟಿಯ ಹಿಂದೆ ಬಿಗಿಯಾಗಿ ಸಿಕ್ಕಿಕೊಂಡಿತ್ತು. ಎಂಜಿನ್ ವಾಲಿದಾಗಲೆಲ್ಲ ಅದು ಅಲ್ಲೇ ಜಗ್ಗುತ್ತಿತ್ತು. ಅವನು ಅಲ್ಲಿ ಒಂದೊಂದೇ ವೈರನ್ನು ಬೆರಳಿನಿಂದ ಬಗ್ಗಿಸಿದ. ಒಂದು ವೈರ್ ಮಾತ್ರ ಎಲುಬಿಲ್ಲದ ಹಾಗೆ ಮೆತ್ತಗೆ ಮಡಚಿಕೊಂಡಿತು.

"ಮ್ಯಾಲ ನೋಡಿದ್ರ ಏನೂ ಆಗಿಲ್ಲ. ಬಾ, ನೀನೂ ಮುಟ್ಟಿ ನೋಡು."

ಅಂಜುಮ ಮುಟ್ಟಿದಳು. ಹೌದು, ಮೆತ್ತಗೇ ಇತ್ತು.

ಅವನು ವೈರಿನಲ್ಲಿ ಕರೆಂಟ್ ಹಾಯುತ್ತದೆಯೇ ಎಂದು ಕೂಗಿ ತಿಳಿಸುವ ಮೀಟರಿನ ಎರಡು ಕಡ್ಡಿಗಳನ್ನು ಆ ವೈರಿನ ಎರಡು ತುದಿಗೆ ಹಿಡಿದ. ಮೀಟರ್ ಪೀಂ ಎಂದು ಕೂಗಿತು. "ಈಗ ಬಗ್ಗಸು," ಎಂದ. ಅಂಜುಮ ಬಗ್ಗಿಸಿದಳು. ಮೀಟರ್ ಗಪ್ಪನೆ ಸುಮ್ಮನಾಯಿತು.

ಬ್ಲೇಡಿನಿಂದ ಮೇಲಿನ ಪ್ಲಾಸ್ಟಿಕ್ ಸೀಳಿದಾಗ ಒಳಗೆ ತಾಮ್ರದ ಎಳೆಗಳೆಲ್ಲ ತುಂಡಾಗಿದ್ದವು.

"ಗಾಡಿ ನಿಂತಾಗ ಈ ತುದಿ ಒಂದಕ್ಕೊಂದು ತಾಕ್ತಾವು. ಅದಕ್ಕ ಎಲ್ಲಾ ಬರೋಬರಿ. ಎಂಜಿನ್ ವಾಲಿದ್ರ ಅಗಲ್ತಾವು. ನಾ ಆ ತುದಿಗೆ ಹಿಡದು ಅಲ್ಲಾಡಸ್ದೆ, ಆ ಜಗ್ಗಾಟ ಇಲ್ಲಿತನಾ ಮುಟ್ಲಿಲ್ಲ," ಎಂದ ಯಲ್ಲಾಲಿಂಗ. ಅಮ್ಮಿಯ ಕಡೆ ತಿರುಗಿ, "ಹುಬ್ಬಳ್ಳಿ ಬ್ಯಾಡ್ರಿ ಅಕ್ಕಾರ. ಸಂಜಿಕ್ಕ ಗಾಡಿ ಒಯ್ರಿ!" ಎಂದ.

ಅಮ್ಮಿ ಅಂಜುಮಳನ್ನು ತಬ್ಬಿಕೊಂಡುಬಿಟ್ಟಳು. ಎಷ್ಟು ಗಟ್ಟಿ ಎಂದರೆ ಅಂಜುಮಳ ಜಡೆಯ ರಿಬ್ಬನ್ ಬಿಚ್ಚಿಹೋಯಿತು.

ಯಲ್ಲಾಲಿಂಗ ಕೆಟ್ಟ ತುಂಡು ಕತ್ತರಿಸಿ ಹೊಸ ವೈರ್ ಸೇರಿಸಿ ಬೆಸುಗೆ ಹಾಕಿದ. ಮೇಲೆ ಕಪ್ಪು ಪ್ಲಾಸ್ಟಿಕ್ ನಳಿಕೆ ಏರಿಸಿ ಬಿಸಿ ಮಾಡಿ ಬಿಗಿ ಮಾಡಿದ. ಈ ಸಲ ವೈರನ್ನು ಜಗ್ಗದಂತೆ ಸಡಿಲವಾಗಿ ಬಿಟ್ಟ. ಮತ್ತೆ ಬಲ್ಬ್ ಸಿಕ್ಕಿಸಿ, ಮತ್ತೆ ಕಲ್ಲು ಕೊಟ್ಟು, ಅಂಜುಮಳನ್ನೇ ಕೇಳಿದ: "ಹೇಳವ್ವಾ, ಕ್ಲಚ್ ಬಿಡಸ್ಲೇನು?"

"ಬಿಡಸ್ರಿ ಕಾಕಾ!"

ಎಂಜಿನ್ ವಾಲಿತು. ಮಿಣಿಮಿಣಿ, ಮಿಣಿಮಿಣಿ. ಎಷ್ಟು ಸಲ ವಾಲಿಸಿದರೂ ಬಲ್ಬ್ ಆರಲಿಲ್ಲ.

ಬಲ್ಬ್ ತೆಗೆದು ಇಂಜೆಕ್ಟರಿಗೆ ವೈರ್ ಜೋಡಿಸಿದ ಮೇಲೆ ಅಮ್ಮಿ ಮನೆಗೆ ಹೋಗಲಿಲ್ಲ. ಗಾಡಿಯನ್ನು ನೇರ ರಾಜಾರಾಮನ ಮನೆಯ ಮುಂದೆ ತಂದು ನಿಲ್ಲಿಸಿದಳು.

"ಅಣ್ಣಾರ, ಒಂದ್ ಸುತ್ತು ಬರ್ರಿ."

ರಾಜಾರಾಮ ಅನುಮಾನದಿಂದಲೇ ಮುಂದಿನ ಸೀಟಿನಲ್ಲಿ ಕೂತ. ಅಂಜುಮ ಹಿಂದೆ ಹೋದಳು. ಅವಳ ಪಕ್ಕ ಸತೀಶನೂ ನುಗ್ಗಿ ಕೂತ. ಅಮ್ಮಿ ಬೇಕಂತಲೇ ಪ್ರತಿ ಹಂಪಿನ ಮುಂದೆ ನಿಲ್ಲಿಸಿದಳು, ಪ್ರತಿ ಏರಿನಲ್ಲಿ ನಿಲ್ಲಿಸಿ ಮತ್ತೆ ಎಳೆದಳು. ರಾಜಾರಾಮ ಮೇಲಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದಿದ್ದ. ಮೊದಲು ಒಂದು ಕೈ ಬಿಟ್ಟ. ಕೆರೆಯ ಏರಿ ಹತ್ತುವ ಹೊತ್ತಿಗೆ ಇನ್ನೊಂದನ್ನೂ ಬಿಟ್ಟ.

"ಅಬಾಬಾ! ಎಣ್ಣಿ ಮ್ಯಾಲ ಹೋದಂಗ ಹೊಂಟೈತಲ್ರಿ! ಏನಾಗಿತ್ರಿ ಇದಕ್ಕ?"

"ವೈರ್ ಒಳಗಿಂದೊಳಗ ಮುರದಿತ್ರಿ. ಯಾವಾಗ ಕೈ ಕೊಡ್ತೈತಿ ಅನ್ನೂದನ್ನ ನನ್ನ ಮಗಳು ಹುಡಿಕ್ಯಾಳ. ಆಮ್ಯಾಲ ಎಲ್ಲಿ ಮುರದೈತಿ ಅಂತ ಯಲ್ಲಾಲಿಂಗಣ್ಣ ಹುಡುಕಿದ್ರು."

ರಾಜಾರಾಮ ಪೂರ್ತಿ ಹಿಂದಕ್ಕೆ ತಿರುಗಿ ಅಂಜುಮಳನ್ನು ನೋಡಿದ. "ಖರೆನಾ? ಭಲೇ ಹುಡುಗಿ!" ಆಮೇಲೆ ಅಮ್ಮಿಗೆ ಹೇಳಿದ: "ಸೋಮವಾರ ನೀವ ಬರ್ರಿ ಅಕ್ಕಾ. ಉಳಿದವ್ರಿಗೆ ನಾನ ಹೇಳ್ತೀನಿ."

ಸತೀಶ ಅಂಜುಮಳ ಕಿವಿಯಲ್ಲಿ ಪಿಸುಗುಟ್ಟಿದ. "ಹೆಂಗ ಹುಡಿಕ್ದಿಲೇ?"

"ಸೋಮವಾರ ಎಲ್ಲಾರ ಮುಂದ ಹೇಳ್ತೀನಿ," ಎಂದಳು ಅಂಜುಮ. ಅವಳ ಮುಖವೆಲ್ಲ ನಗುವಾಗಿತ್ತು.

ಭಾನುವಾರ ಇಡೀ ದಿನ ಅವಳು ಆ ಮಾತನ್ನು ಮನಸ್ಸಿನಲ್ಲೇ ತಾಲೀಮು ಮಾಡಿದಳು. ಬಲ್ಬ್ ಆರಿದ್ದನ್ನು ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಿದರೆ ಎಲ್ಲರೂ "ಮುಂದ? ಮುಂದ?" ಎನ್ನುತ್ತಾರೆ, ಎಲ್ಲವೂ ತಯಾರಾಗಿತ್ತು.

ಸೋಮವಾರ ಎಲ್ಲ ಮಕ್ಕಳೂ ಗಾಡಿ ಹತ್ತಿದರು. ಒಂದು ಸೀಟೂ ಖಾಲಿ ಉಳಿಯಲಿಲ್ಲ. ಗಾಡಿ ಊರು ದಾಟಿ ರಸ್ತೆಗೆ ಬಂದಾಗ ಅಂಜುಮ ಗಂಟಲು ಸರಿ ಮಾಡಿಕೊಂಡು ಹಿಂದೆ ತಿರುಗಿದಳು.

ಸತೀಶ ಮತ್ತು ಕಾವ್ಯಾ ಖೋ ಖೋ ಆಟದಲ್ಲಿ ಯಾರು ಔಟ್ ಆಗಿದ್ದು ಎಂದು ಜಗಳಕ್ಕೆ ಬಿದ್ದಿದ್ದರು. ಒಬ್ಬಳು ಕಣ್ಣು ಮುಚ್ಚಿ ಪದ್ಯ ಬಾಯಿಪಾಠ ಮಾಡುತ್ತಿದ್ದಳು. ಎಲ್ಲರಿಗಿಂತ ಸಣ್ಣವನು ಯುನುಸ. ಅವನು ಕಿಟಕಿಗೆ ತಲೆ ಆನಿಸಿ, ಬಾಯಿ ಚೂರು ತೆರೆದು, ಗಾಢ ನಿದ್ದೆಯಲ್ಲಿದ್ದ. ಗಾಡಿ ಹೇಗೆ ಓಡುತ್ತಿದೆ ಎಂದು ಯಾರಿಗೂ ಗೊತ್ತೇ ಇರಲಿಲ್ಲ. ಯಾರೂ ಅದರ ಮಾತೇ ಎತ್ತಲಿಲ್ಲ.

ಅಂಜುಮ ಅಮ್ಮಿಯನ್ನು ನೋಡಿದಳು. ಅಮ್ಮಿಯೂ ಕನ್ನಡಿಯಲ್ಲಿ ಯುನುಸನನ್ನು ನೋಡುತ್ತಿದ್ದಳು. ಅವಳ ತುಟಿಯ ಮೇಲೆ ಸಣ್ಣ ನಗುವಿತ್ತು. ಅಂಥ ನಗುವನ್ನು ಅಂಜುಮ ಗ್ಯಾರೇಜಿನಲ್ಲೂ ನೋಡಿರಲಿಲ್ಲ, ರಾಜಾರಾಮ ಹೊಗಳಿದಾಗಲೂ ನೋಡಿರಲಿಲ್ಲ.

ಅಂಜುಮ ಮಾತು ನುಂಗಿ ಮುಂದಕ್ಕೆ ತಿರುಗಿ ಕೂತಳು. ಸಿಟಿ ಹತ್ತಿರ ಬಂದಿತ್ತು, ಲಾರಿಗಳ ಹಾರ್ನ್ ಶುರುವಾಗಿತ್ತು. ಯುನುಸನಿಗೆ ಎಚ್ಚರವಾಗದಿರಲಿ ಎಂದು ಅವಳು ತನ್ನ ಪಕ್ಕದ ಕಿಟಕಿಯ ಗಾಜನ್ನು ಮೆಲ್ಲಗೆ ಏರಿಸಿದಳು.