ಐದನೇ ಸೆನ್ಸರ್

ಆಸ್ಟ್ರೇಲಿಯಾದ ಬಲ್ಲಾರಟ್‌ನ ಫುಟಿ ಎಂಬ ಫುಟ್‌ಬಾಲಿನ ಮೈದಾನದ ಹಳೇ ಗ್ಯಾಲರಿ, ಜನ ಕುಣಿದಾಗ ಎಷ್ಟು ನಡುಗುತ್ತದೆಂದು ಅಳೆಯಲು ಎಂಜಿನಿಯರ್ ಹ್ಯಾಮಿಶ್‌ಗೆ ಸಿಕ್ಕಿದ್ದು ಐದೇ ಸೆನ್ಸರ್. ಎಲ್ಲೆಲ್ಲಿ ಇಟ್ಟರೆ ಗ್ಯಾಲರಿಯ ಗುಟ್ಟು ರಟ್ಟಾಗುತ್ತದೆಂದು ಮೂರು ವಾರ ಲೆಕ್ಕ ಹಾಕಿದ್ದ. ನಾಲ್ಕನ್ನು ಲೆಕ್ಕ ಹೇಳಿದಲ್ಲೇ ಇಟ್ಟ. ಐದನೆಯದನ್ನು ಮುಂದಕ್ಕೆ ಚಾಚಿದ ಅಂಚಿನಲ್ಲಿ ಇಡಲು ಹೊರಟವನು ದಾರಿಯಲ್ಲಿ ಬ್ರಿಡಿಯನ್ನು ನೋಡಿದ.

ಕಂಬದ ಪಕ್ಕದ ಸೀಟು ಅವಳದು, ಅಜ್ಜನ ಕಾಲದ್ದು. ಕಂಬ ಅರ್ಧ ಮೈದಾನ ಮುಚ್ಚಿದರೂ ಆ ಮನೆಯವರು ಬಿಟ್ಟುಕೊಟ್ಟಿರಲಿಲ್ಲ. ಕೊರಳಲ್ಲಿ ಕ್ಲಬ್ಬಿನ ಮಫ್ಲರು, ಕೈಯಲ್ಲಿ ಮೀಟ್ ಪೈ, ತುಟಿಯಂಚಿನಲ್ಲಿ ಟೊಮ್ಯಾಟೊ ಸಾಸು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು.

"ನಡುಗೋ ಜಾಗ," ಎಂದ ಹ್ಯಾಮಿಶ್. "ಇದೇ ಅನ್ಸುತ್ತೆ."

ಇಡೀ ಗ್ಯಾಲರಿಯಲ್ಲಿ ಎಲ್ಲಕ್ಕಿಂತ ಕಡಿಮೆ ನಡುಗುವ ಜಾಗವೆಂದರೆ ಕಂಬದ ಬುಡ. ಆದರೂ ಸೆನ್ಸರನ್ನು ಅವಳ ಸೀಟಿನಡಿ ಅಂಟಿಸಿ, ನೋಡಿಕೊಳ್ಳಬೇಕೆಂಬ ನೆಪದಲ್ಲಿ ಪಕ್ಕದಲ್ಲೇ ಕೂತ. ಆರು ಶನಿವಾರ ನೋಡಿಕೊಂಡ. ಅಂಪೈರನನ್ನು ಬೈಯುವಾಗ ಅವಳ ಹುಬ್ಬು ಎಷ್ಟು ಮೇಲೇರುತ್ತದೆ, ಗೋಲಾದಾಗ ಅವನ ತೋಳನ್ನು ಎಷ್ಟು ಹೊತ್ತು ಹಿಡಿದಿರುತ್ತಾಳೆ, ಎಲ್ಲವೂ ದಾಖಲಾಯಿತು. ಸೆನ್ಸರಿನಲ್ಲಲ್ಲ.

ಏಳನೇ ಶನಿವಾರ ಕ್ಲಬ್ಬಿನ ಕಾರ್ಯದರ್ಶಿ ಬಂದು, ಸೋಮವಾರ ವರದಿ ಕೈಸೇರದಿದ್ದರೆ ಗ್ಯಾಲರಿಗೆ ಬೀಗ ಎಂದ. ಅಂಚಿನ ಅಳತೆಯಿಲ್ಲದೆ ವರದಿಯಿಲ್ಲ. ಉಳಿದದ್ದು ಅಂದಿನ ಪಂದ್ಯ ಒಂದೇ. ಸೆನ್ಸರ್ ಕಿತ್ತರೆ ಅವನಿಗೆ ಕೂರಲು ನೆಪವಿಲ್ಲ, ಕೀಳದಿದ್ದರೆ ಅವಳಿಗೆ ಸೀಟೇ ಇಲ್ಲ.

ಹ್ಯಾಮಿಶ್ ಅವಳೆದುರು ಮಂಡಿಯೂರಿದ. ಹಿಂದಿನ ಸಾಲಿನಲ್ಲಿದ್ದ ಅವಳ ಸೋದರತ್ತೆ ಮೇವಿಸ್, ಉಂಗುರ ಬರುತ್ತದೆಂದು ಕನ್ನಡಕ ಹಾಕಿಕೊಂಡರು. ಸೀಟಿನಡಿಯಿಂದ ಬಂದದ್ದು ಬೆಂಕಿಪೊಟ್ಟಣದಷ್ಟು ಡಬ್ಬಿ. ಅತ್ತೆ ಕನ್ನಡಕ ತೆಗೆದರು.

"ಸುಳ್ಳು ಹೇಳಿದ್ದೆ ಬ್ರಿಡಿ. ಈ ಜಾಗ ಅಲ್ಲಾಡೋದೇ ಇಲ್ಲ. ಇದು ಮುಂದೆ, ಅಂಚಲ್ಲಿ ಇರ್ಬೇಕಿತ್ತು. ನಿಮ್ಮ ಪಕ್ಕ ಕೂರೋಕೆ ಇಲ್ಲಿಟ್ಟೆ."

"ನಾನು ಹೈಸ್ಕೂಲಲ್ಲಿ ಫಿಸಿಕ್ಸ್ ಪಾಠ ಮಾಡೋಳು ಕಣ್ರೀ. ಎರಡನೇ ವಾರವೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಎದ್ದು ಹೋಗ್ತಿದ್ರಲ್ಲ."

ಅವನು ಮುಂದೆ ಹೋಗಿ ಅಂಚಿನಲ್ಲಿ ಡಬ್ಬಿ ಅಂಟಿಸಿ ತಿರುಗಿದರೆ, ಬ್ರಿಡಿ ಹಿಂದೆಯೇ ನಿಂತಿದ್ದಳು. ಮೂರು ತಲೆಮಾರಿನಲ್ಲಿ ಆ ಸೀಟಿನಿಂದ ಪಂದ್ಯದ ನಡುವೆ ಎದ್ದವಳು ಅವಳೊಬ್ಬಳೇ. ಕಂಬವಿಲ್ಲದೆ ಮೈದಾನ ಇಷ್ಟು ದೊಡ್ಡದೆಂದು ಗೊತ್ತೇ ಇರಲಿಲ್ಲ ಎಂದಳು. ಅಷ್ಟರಲ್ಲಿ ಗೋಲಾಯಿತು. ಈ ಸಲ ಅವಳು ಹಿಡಿದದ್ದು ತೋಳನ್ನಲ್ಲ, ಅವನ ಎರಡೂ ಕೆನ್ನೆಗಳನ್ನು.

ಸೋಮವಾರದ ವರದಿಯಲ್ಲಿ ಗ್ಯಾಲರಿ ಭದ್ರ ಎಂದಿತ್ತು. ಕೊನೆಯಲ್ಲಿ ಸಣ್ಣಕ್ಷರದ ಒಂದು ಸಾಲು: ಐದನೇ ಸೆನ್ಸರಿನಲ್ಲಿ ಮೂರು ಗಂಟೆ ನಲವತ್ತೆರಡು ನಿಮಿಷಕ್ಕೆ ಕಂಡ ವಿಪರೀತ ನಡುಕಕ್ಕೆ ಕಟ್ಟಡ ಹೊಣೆಯಲ್ಲ.