ಬಾಣಂತಿಯ ಪಾತ್ರೆ

ನವೆಂಬರ್ 18, ಬೆಳಿಗ್ಗೆ 7.40. ಮುಂಡಾಜೆಯ ಮನ್ವಿತ್ ಮೂಡಬಿದಿರೆ ಠಾಣೆಗೆ ಬಂದು ದೂರು ಬರೆದುಕೊಟ್ಟ. ಶಿರ್ತಾಡಿಗೆ ಮದುವೆಯಾಗಿದ್ದ ಅಕ್ಕ ಮೋಕ್ಷಿತಾ, ಹತ್ತೊಂಬತ್ತು ದಿನದ ಬಾಣಂತಿ, ಹಿಂದಿನ ಸಂಜೆ ಸತ್ತಿದ್ದಳು. ವಿಷ ಹಾಕಿದ್ದು ಅತ್ತೆ ಪೂವಮ್ಮ ಎಂದು ದೂರಿನಲ್ಲಿತ್ತು.

"ಅತ್ತೆಯ ಮೇಲೆ ಸಂಶಯ ಯಾಕೆ?" ಪಿಎಸ್‌ಐ ದಮಯಂತಿ ಕೇಳಿದರು.

"ಮನೆಯಲ್ಲಿ ಬೇರೆ ಯಾರಿಗೂ ಏನೂ ಆಗ್ಲಿಲ್ಲ ಮೇಡಂ. ಅಕ್ಕನಿಗೆ ಮಾತ್ರ ಬೇರೆ ಪಾತ್ರೆಯಲ್ಲಿ ಬೇಯಿಸಿದ್ದು."

ಎಫ್‌ಐಆರ್ ದಾಖಲಾಯಿತು. 9.15ಕ್ಕೆ ಶಿರ್ತಾಡಿಯ ಮನೆಯಲ್ಲಿ ಪಂಚನಾಮೆ. ಒಲೆಯ ಪಕ್ಕ ಸಣ್ಣ ಮಣ್ಣಿನ ಪಾತ್ರೆ. ಹಿಂದಿನ ಮಧ್ಯಾಹ್ನ ಬಡಿಸಿ ಉಳಿದದ್ದನ್ನು ಮರುದಿನ ಬೆಳಿಗ್ಗೆಗೆಂದು ಕುದಿಸಿಟ್ಟ ಮೀನುಸಾರು ತಳದಲ್ಲಿತ್ತು.

"ಯಾವ ಮೀನು ಅಮ್ಮಾ?" ದಮಯಂತಿ ಕೇಳಿದರು.

"ತಾಟೆ. ಮರಿ ಶಾರ್ಕ್. ಎದೆಹಾಲಿಗೆ ಒಳ್ಳೆಯದಲ್ವಾ?" ಎಂದರು ಪೂವಮ್ಮ. "ತೋಡಾರಿನ ಧನರಾಜನ ಅಂಗಡಿಯದ್ದು. ಚರ್ಮ ಸುಲಿದೇ ಕೊಟ್ಟ. ಬಿಸಿನೀರು ಹೊಯ್ದು ಉಜ್ಜುವ ಕೆಲಸ ತಪ್ಪಿತು ಅಂತ ಖುಷಿಯಾಗಿತ್ತು."

ಹೆಡ್ ಕಾನ್‌ಸ್ಟೇಬಲ್ ಇರ್ಷಾದ್ ಸೌಟಿನಿಂದ ಒಂದು ತುಂಡು ಎತ್ತಿ, ಕೈಗವಸಿನ ಬೆರಳಿನಿಂದ ಒತ್ತಿ ನೋಡಿದರು.

"ಇದು ತಾಟೆ ಅಲ್ಲ ಮೇಡಂ. ತಾಟೆಯ ನಡುಮೂಳೆ ಒತ್ತಿದ್ರೆ ಬಾಗುತ್ತದೆ. ಇದು ಗಟ್ಟಿ ಮುಳ್ಳು."

11.30ಕ್ಕೆ ತೋಡಾರು. ಅಂಗಡಿಯ ಹಲಗೆಯಲ್ಲಿ 'ಬಾಣಂತಿಯರಿಗೆ ತಾಟೆ ಸದಾ ಲಭ್ಯ' ಎಂದಿತ್ತು. ಐಸ್ ಪೆಟ್ಟಿಗೆಯ ತಳದಲ್ಲಿ, ತಲೆ, ಚರ್ಮ ತೆಗೆದ ಹನ್ನೊಂದು ಮೀನುಗಳು. ಮಾದರಿಗಳು ಪ್ರಯೋಗಾಲಯಕ್ಕೆ ಹೋದವು. ನವೆಂಬರ್ 29ರಂದು ವರದಿ ಬಂತು: ಹೆದರಿದಾಗ ತನ್ನ ಹೊಟ್ಟೆ ಉಬ್ಬಿಸಿಕೊಳ್ಳುವ ವಿಷಮೀನು, ಪಫರ್. ಬೇಯಿಸಿದರೂ ವಿಷ ಹೋಗುವುದಿಲ್ಲ. ಪಾತ್ರೆಯಲ್ಲಿದ್ದದ್ದೂ ಅದೇ.

ಅಂದು ಮಧ್ಯಾಹ್ನ 3.10ಕ್ಕೆ ಧನರಾಜನನ್ನು ಬಂಧಿಸಲಾಯಿತು.

"ಬೋಟಿನವರು ಎಸೆಯುವ ಮೀನು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ತಲೆ, ಕರುಳು ತೆಗೆದ್ರೆ ಏನೂ ಆಗುವುದಿಲ್ಲ ಅಂತ ಯಾರೋ ಹೇಳಿದ್ರು."

"ನೀನು ತಿಂದು ನೋಡಿದ್ದೀಯಾ?"

ಧನರಾಜ ಹಲಗೆಯ ವಿಷಯ ಹೇಳತೊಡಗಿದ.

ಅವನ ಹೆಂಡತಿ ಹೆತ್ತಾಗ ತಾಟೆಗಾಗಿ ಅವನು ಮೂರು ಪೇಟೆ ಸುತ್ತಿದ್ದನಂತೆ. ಎಲ್ಲ ಕಡೆ 'ಇಲ್ಲ' ಅಂದರು. ತನ್ನ ಅಂಗಡಿಯಲ್ಲಿ ಆ ಮಾತು ಬರಬಾರದೆಂದು ಹಲಗೆ ಬರೆಸಿದ್ದ. ಆ ವಾರ ತಾಟೆ ಬಂದಿರಲಿಲ್ಲ. ಹಲಗೆ ಇಳಿಸಲು ಅವನಿಗೆ ಮನಸ್ಸಾಗಲಿಲ್ಲ.

ಸಂಜೆ ದಮಯಂತಿ ಶಿರ್ತಾಡಿಗೆ ಹೋದರು. ಮನ್ವಿತ್ ಅಂಗಳದಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದ.

"ನಿಮ್ಮ ತಪ್ಪಿಲ್ಲ ಅಮ್ಮಾ. ವರದಿ ಬಂದಿದೆ," ದಮಯಂತಿ ಪೂವಮ್ಮನಿಗೆ ಹೇಳಿದರು.

"ಇನ್ನೊಂದು ಮಾತು ಉಂಟು, ಬರೆದುಕೊಳ್ಳಿ," ಎಂದರು ಪೂವಮ್ಮ. "ಆ ದಿನ ಮೋಕ್ಷಿತಾ ಎರಡು ತುತ್ತು ತಿಂದು, ತುಟಿ ಜುಮ್ ಅಂತದೆ ಅತ್ತೆ ಅಂದಳು. ಕಾಳುಮೆಣಸು ಜಾಸ್ತಿಯಾಗಿರಬೇಕು, ತಿನ್ನು ಮಗಾ, ಹಾಲು ಬರಬೇಕಲ್ವಾ ಅಂದೆ. ಬಡಿಸಿದ್ದನ್ನು ಪೂರ್ತಿ ತಿಂದಳು."

ದಮಯಂತಿ ಪೆನ್ನು ತೆರೆದರು. ಬರೆಯಲಿಲ್ಲ.